ನಮ್ಮ ಗಾಡಿ ನಲವತ್ತು

ಡಫಳಾಪುರದ ನಮ್ಮ ಮನೆಯ ತಲಬಾಗಿಲಿಗೆ ಹೊಸ್ತಿಲು ಎತ್ತರ. ಸಂಜೆಯಾದರೆ ಅಪ್ಪ ಆ ಹೊಸ್ತಿಲಿಗೆ ಒಂದು ಹಲಗೆಯನ್ನು ಇಳಿಜಾರಾಗಿ ಹಚ್ಚಿ ಮೋಟಾರ್ ಸೈಕಲ್ಲನ್ನು ಒಳಗೆ ದೂಡುತ್ತಿದ್ದ. ಹಿಂದಿನಿಂದ ಕೈ ಕೊಡುವುದು ನನ್ನ ಕೆಲಸ. ಪಡಸಾಲೆಯ ಒಂದು ಬದಿಗೆ ಜೋಳದ ಚೀಲ, ಇನ್ನೊಂದು ಬದಿಗೆ ಅಪ್ಪ ಸಂತೆಗೆ ಒಯ್ಯುವ ಕುಪ್ಪಸದ ಖಣಗಳ ಗಂಟು, ನಡುವೆ ಗಾಡಿ. ರಾತ್ರಿ ಊಟಕ್ಕೆ ನಾವು ಕೂರುತ್ತಿದ್ದದ್ದೂ ಅದರ ಪಕ್ಕದಲ್ಲೇ. ಹೊಸ ಬಟ್ಟೆಯ ಗಂಜಿಯ ವಾಸನೆ, ಪೆಟ್ರೋಲಿನ ವಾಸನೆ, ಒಳಗೆ ಅವ್ವ ಬಡಿಯುವ ರೊಟ್ಟಿಯ ವಾಸನೆ ಒಂದರೊಳಗೊಂದು ಕಲೆತು ಹೋಗಿರುತ್ತಿದ್ದವು. ಇವತ್ತಿಗೂ ಗ್ಯಾರೇಜಿನ ಮುಂದೆ ಹಾಯುವಾಗ ನನಗೆ ಹಸಿವೆಯಾಗುತ್ತದೆ. ಹೇಳಿದರೆ ಜನ ನಗುತ್ತಾರೆ, ನಗಲಿ.

ಗಾಡಿ ಮೊದಲು ನಮ್ಮದಾಗಿರಲಿಲ್ಲ. ಅದು ಅವ್ವನ ಒಬ್ಬನೇ ತಮ್ಮ ಸಂಗಪ್ಪ ಮಾಮಾನದು. ಅವ್ವನ ತವರು ಸನಮಡಿ, ಜತ್ತ ದಾಟಿ ಹೋಗಬೇಕು. ಮಾಮಾ ಗಾಡಿ ಹತ್ತಿದನೆಂದರೆ ಜನಕ್ಕೆ ಧೂಳು ಕಾಣುತ್ತಿತ್ತಂತೆ, ಅವನು ಕಾಣುತ್ತಿರಲಿಲ್ಲವಂತೆ. ಊರವರು ಇದನ್ನು ಹೊಗಳಿಕೆಯ ಹಾಗೆ ಹೇಳುತ್ತಿದ್ದರು. ನನಗೆ ಈಗಲೂ ಅವರ ಮೇಲೆ ಸಿಟ್ಟಿದೆ. ಒಂದು ಮಧ್ಯಾಹ್ನ ಜತ್ತದಿಂದ ಬರುವಾಗ ಇಳಿಜಾರಿನ ತಿರುವಿನಲ್ಲಿ ಗಾಡಿ ಜಾರಿ ಮಾಮಾ ರಸ್ತೆಯ ಬದಿಗೆ ಬಿದ್ದ. ಯಾರೋ ಕಂಡು ಊರಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಮನೆತನಗಳಲ್ಲಿ ಉಸಿರು ಹೋಗುವ ಮುಂಚೆ ಬಾಯಿಗೆ ನೀರು ಬಿಡಬೇಕು, ಅದೂ ಕರುಳಿನ ಸಂಬಂಧದವರ ಕೈಯಿಂದ. ಮಾಮಾನ ಬಾಯಿಗೆ ಯಾರೂ ಬಿಡಲಿಲ್ಲ. ಸನಮಡಿ ಆಯಿ, ಅಂದರೆ ಅವ್ವನ ತಾಯಿ, ಮಗ ಸತ್ತದ್ದಕ್ಕಿಂತ ಅವನು ಒಣ ಬಾಯಲ್ಲಿ ಹೋದದ್ದಕ್ಕೇ ಹೆಚ್ಚು ಅಳುತ್ತಿದ್ದಳು.

ಮುರಿದ ಗಾಡಿ ಆಯಿಯ ದನದ ಕೊಟ್ಟಿಗೆಯಲ್ಲಿ ಗೋಣಿತಟ್ಟು ಹೊದ್ದು ನಿಂತಿತ್ತು. ಅಪ್ಪ ಆಗ ಖಣದ ಗಂಟು ಹೊತ್ತು ಎಸ್.ಟಿ. ಬಸ್ಸಿನಲ್ಲಿ ಸಂತೆ ತಿರುಗುತ್ತಿದ್ದ. ಒಮ್ಮೆ ನಾವು ಹೋದಾಗ ಆಯಿಯೇ ಅಳಿಯನನ್ನು ಕರೆದು ಹೇಳಿದಳು.

“ಅದನ್ನ ಒಯ್ದು ರಿಪೇರಿ ಮಾಡಿಸಿ ನಡಸ್ರಿ. ಸೆಗಣಿ ಬಳಿಯಾಕ ಹೋದಾಗೆಲ್ಲ ಕಣ್ಣಿಗೆ ಬೀಳತೈತಿ. ನನ್ನ ಕೈಲೆ ನೋಡಾಕ ಆಗವಲ್ದು.”

ಅವ್ವ ಬೇಡವೇ ಬೇಡ ಎಂದು ಹಟ ಹಿಡಿದಳು. ತಮ್ಮನನ್ನು ತಿಂದ ಗಾಡಿ ನನ್ನ ಹೊಸ್ತಿಲು ದಾಟಬಾರದು ಎಂದಳು. ಆಯಿ ಅತ್ತಳು, ಅಪ್ಪ ನೆಲ ನೋಡುತ್ತ ನಿಂತ. ಸಂತೆಯ ಗಂಟು ಹೊತ್ತು ಹೊತ್ತು ಅವನ ಒಂದು ಹೆಗಲು ಕೆಳಗಿಳಿದಿತ್ತು. ಅದನ್ನು ಅವ್ವ ನೋಡಿರಬೇಕು. ಕೊನೆಗೆ ಒಪ್ಪಿದಳು, ಒಂದು ಕರಾರಿನ ಮೇಲೆ. ಆಯಿಯ ಎದುರಿಗೇ ಅಪ್ಪನ ಬಲಗೈಯನ್ನು ಅವನ ಕೊರಳಿನ ಲಿಂಗದ ಮೇಲೆ ಇಡಿಸಿದಳು.

“ಮಾತ ಕೊಡ್ರಿ. ಮೀಟರಿನ ಮುಳ್ಳ ನಲವತ್ತ ದಾಟಬಾರ್ದು. ನಾ ಹಿಂದ ಕುಂತಿರ್ಲಿ, ಇರದ ಇರ್ಲಿ.”

“ಕೊಟ್ಟೀನಿ. ದಾಟೂದಿಲ್ಲ.”

ಜತ್ತದ ಬಾಬು ಮೇಸ್ತ್ರಿ ಗಾಡಿಯನ್ನು ನೆಟ್ಟಗೆ ಮಾಡಿದ. ಮಾಮಾನ ಕಾಲದ ಮೀಟರ್ ಬಿದ್ದ ಏಟಿಗೆ ಚೂರಾಗಿತ್ತು. ಅದರ ಜಾಗದಲ್ಲಿ ಬೇರೆ ಯಾವುದೋ ಗಾಡಿಯಿಂದ ಬಿಚ್ಚಿದ ಗುಂಡನೆಯ ಮೀಟರ್ ಕೂಡಿಸಿದ. ಕಪ್ಪು ಮುಖ, ಹಸಿರು ಅಂಕಿ, ಬಿಳಿ ಮುಳ್ಳು. ಗಾಡಿ ತರಲು ಮೂವರೂ ಹೋಗಿದ್ದೆವು. ಅಪ್ಪ ಖಣದ ದುಕಾನಿಗೆ ಹೋಗಿ ಬರುವ ತನಕ ಅವ್ವ ನನ್ನನ್ನು ಕರೆದುಕೊಂಡು ಗ್ಯಾರೇಜಿನಲ್ಲಿ ಕೂತಿದ್ದಳು, ಮೇಸ್ತ್ರಿಯ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಮಾತಾಡಿದಳು, ಮೇಸ್ತ್ರಿ ನಕ್ಕ. ನನಗೆ ಅಲ್ಲಿ ಬಿದ್ದಿದ್ದ ಬೇರಿಂಗಿನ ಗುಂಡುಗಳ ಮೇಲೆ ಕಣ್ಣು. ಮಾತು ಕಿವಿಗೆ ಬಿದ್ದಿದ್ದರೂ ತಲೆಗೆ ಹೋಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಸಾಲೆ ಇಲ್ಲದ ದಿನ ಅಪ್ಪನ ಜೊತೆ ಸಂತೆಗೆ ನಾನೂ ಹೊರಟೆ. ಹಿಂದಿನ ಸೀಟಿನ ಮೇಲೆ ಗಂಟು, ಮುಂದೆ ಪೆಟ್ರೋಲ್ ಟಾಕಿಯ ಮೇಲೆ ನಾನು. ಮೀಟರ್ ಸರಿಯಾಗಿ ನನ್ನ ಮೂಗಿನ ಎದುರಿಗೆ. ಮುಳ್ಳು ನಲವತ್ತರ ಮೇಲೆ ಬಂದು ಚಳಿ ಹತ್ತಿದವರ ಹಾಗೆ ನಡುಗುತ್ತ ನಿಲ್ಲುತ್ತಿತ್ತು, ಅಲ್ಲಿಂದ ಮೇಲೆ ಹೋಗುತ್ತಿರಲಿಲ್ಲ. ಬೆಳುಂಕಿ ಸಂತೆಯ ದಾರಿಯಲ್ಲಿ ಸೈಕಲ್ಲಿನವರು ಇಳಿಜಾರಿನಲ್ಲಿ ನಮ್ಮನ್ನು ಹಿಂದೆ ಹಾಕಿ ಕೈಬೀಸಿ ಹೋಗುತ್ತಿದ್ದರು. ನಾವು ಮುಟ್ಟುವಷ್ಟರಲ್ಲಿ ಬೇವಿನ ನೆರಳಿನ ಜಾಗಗಳೆಲ್ಲ ಬೇರೆಯವರ ಪಾಲಾಗಿ, ಅಪ್ಪ ಬಿಸಿಲಲ್ಲೇ ಗಂಟು ಬಿಚ್ಚಬೇಕು. ಪಕ್ಕದ ಬಳೆಗಾರ ಪ್ರತಿ ಸಂತೆಯಲ್ಲೂ ಒಂದೇ ಮಾತು ಎತ್ತುತ್ತಿದ್ದ.

“ಶಿವಪ್ಪ ಬಂದ್ನಾ? ಹಂಗಾದ್ರ ಬಾಜಾರ ಮುಗೀತು, ಗಂಟ ಕಟ್ರಪಾ.”

ಅಪ್ಪನೂ ನಗುತ್ತಿದ್ದ. ಅವನಿಗೆ ಆಗ ಬೇರೊಂದು ಹಮ್ಮಿತ್ತು. ಗಾಡಿ ಆವ್ರೇಜು ಭಾರಿ ಕೊಡುತ್ತಿತ್ತು. ಇಷ್ಟು ಪೆಟ್ರೋಲಿಗೆ ಇಷ್ಟು ದೂರ ಯಾರ ಗಾಡಿಯೂ ಹೋಗುವುದಿಲ್ಲ, ಬೇಕಾದರೆ ಮೀಟರ್ ನೋಡು ಎಂದು ಬಳೆಗಾರನಿಗೆ ತೋರಿಸುತ್ತಿದ್ದ. ಮನೆಯಲ್ಲಿ ಅವ್ವನ ಮುಂದೆ ಹೇಳಿದರೆ ಅವಳು ಯಾಕೋ ಮುಖ ತಿರುಗಿಸಿ ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. ಆಮೇಲೊಂದು ದಿನ ಅಪ್ಪ ಆವ್ರೇಜಿನ ಮಾತನ್ನೇ ಬಿಟ್ಟುಬಿಟ್ಟ. ಬಳೆಗಾರ ತಾನಾಗಿ ಕೆಣಕಿದರೂ “ಗಾಡಿ ಹಳೇದಾತು ಮಾರಾಯ” ಎಂದು ಮಾತು ಮುಗಿಸಿದ. ಮಕ್ಕಳಿಗೆ ಇಂಥದ್ದೆಲ್ಲ ಕಾಣುತ್ತದೆ, ಅರ್ಥವಾಗುವುದಿಲ್ಲ ಅಷ್ಟೇ.

ಸಂಜೆ ಊಟಕ್ಕೆ ಕೂತಾಗ ನನ್ನ ವಿಚಾರಣೆ. ಅವ್ವ ತವೆಯ ಮೇಲಿನ ರೊಟ್ಟಿ ಮಗುಚುತ್ತ, ನನ್ನ ಕಡೆ ನೋಡದೆ ಕೇಳುತ್ತಿದ್ದಳು.

“ಮಾದೇವಿ, ಮುಳ್ಳ ಎಲ್ಲಿತ್ತ?”

“ನಲವತ್ತರ ಮ್ಯಾಲ ಇತ್ತು. ದಾಟಿಲ್ಲ.”

ಅಷ್ಟು ಕೇಳಿದ ಮೇಲೆ ಅವಳ ಹೆಗಲು ಇಳಿಯುತ್ತಿತ್ತು, ನನ್ನ ತಾಟಿಗೆ ಶೇಂಗಾ ಚಟ್ನಿ ಬೀಳುತ್ತಿತ್ತು. ನಾನು ಆ ಮನೆಯ ಸಾಕ್ಷಿ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟರೆ ಅದೇ ಖರೆ ಎಂದು ನಂಬಿ ಬೆಳೆದವಳು ನಾನು. ಈಗ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗಲೂ ನನ್ನ ದನಿಯಲ್ಲಿ ಆ ಸಾಕ್ಷಿಯ ಬಿಗಿ ಇದೆ ಎಂದು ಜೊತೆಯ ಮಾಸ್ತರರು ಕಾಡುತ್ತಾರೆ. ಆದರೆ ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಎನ್ನುವುದನ್ನೂ ನಾನು ಅದೇ ಒಲೆಯ ಮುಂದೆ ಕಲಿತೆ. ಒಂದು ದಿನ ಮುಳ್ಳು ಸ್ವಲ್ಪ ಮೇಲೆ ಹೋಗಿತ್ತು. ನಾನು ಹಾಗೇ ಹೇಳಿದೆ. ಅವ್ವನ ಕೈಯೊಳಗಿನ ಹಿಟ್ಟಿನ ಉಂಡೆ ಕೆಳಗೆ ಬಿತ್ತು.

“ಇಳಿಜಾರಿತ್ತು, ತಾನ ಹೋತು,” ಎಂದ ಅಪ್ಪ.

“ನನ್ನ ತಮ್ಮನೂ ಹಂಗ ಅಂತಿದ್ದ. ಇಳಿಜಾರಿತ್ತ ಅಕ್ಕಾ, ತಾನ ಹೋತು ಅಂತ.”

ಅವಳ ಎರಡೂ ಕೈ ನಡುಗುತ್ತಿದ್ದವು. ನಿಲ್ಲಿಸಲು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು, ಆದರೂ ನಿಲ್ಲಲಿಲ್ಲ. ಅವತ್ತು ಅವಳು ಉಣ್ಣಲಿಲ್ಲ, ಅಪ್ಪನೂ ಉಣ್ಣಲಿಲ್ಲ. ನಾನೊಬ್ಬಳೇ ಇಬ್ಬರ ನಡುವೆ ಕೂತು ರೊಟ್ಟಿ ಮುರಿದೆ. ಅಪ್ಪ ಅವಳ ಕೈಗಳನ್ನೇ ನೋಡುತ್ತಿದ್ದ. ಆಮೇಲೆ ಸಂತೆಯ ದಾರಿಯಲ್ಲಿ ಮುಳ್ಳು ಎಂದೂ ನಲವತ್ತು ದಾಟಲಿಲ್ಲ, ಎಂಥ ಇಳಿಜಾರಿದ್ದರೂ.

ಪಂಚಮಿಗೆ ಸನಮಡಿ ಆಯಿ ಎಸ್.ಟಿ. ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ಉಂಡಿ ಕಟ್ಟುವಾಗ ಅವ್ವನ ಜೊತೆ ಒಳಗೆ ಕೂರುತ್ತಿರಲಿಲ್ಲ. ಪಡಸಾಲೆಯಲ್ಲಿ ಗಾಡಿಯ ಪಕ್ಕವೇ ಕಂಬಳಿ ಹಾಸಿಕೊಂಡು ಕೂತು, ಯಾರೂ ನೋಡದಾಗ ಅದರ ಸೀಟನ್ನು ಸೆರಗಿನಿಂದ ಒರೆಸುತ್ತಿದ್ದಳು. ಎಂದೂ ಅದನ್ನು ಹತ್ತಲಿಲ್ಲ. ಹೊರಡುವ ದಿನ ಬಾಗಿಲಲ್ಲಿ ನಿಂತು ಅವ್ವನ ಗದ್ದ ಹಿಡಿದು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿತ್ತು.

“ಅವ ದಾರ್ಯಾಗ ಒಣ ಬಾಯಿಲೆ ಹ್ವಾದ. ನನಗ ಇನ್ಯಾರದಾರ? ನೀನರೆ ಬಂದು ನನ್ನ ಬಾಯಾಗ ನಾಕ ಹನಿ ನೀರ ಬಿಡವ್ವಾ. ಇನ್ನೇನೂ ಬ್ಯಾಡ ನನಗ.”

“ಬಿಡ್ತು ಅನ್ನವ್ವಾ, ಹಬ್ಬದಾಗ ಎಂಥಾ ಮಾತ ಆಡ್ತಿ,” ಎನ್ನುತ್ತಿದ್ದಳು ಅವ್ವ. ಎಂದರೂ ಪ್ರತಿ ಸಲ ಆಯಿಯ ಕೈ ಮುಟ್ಟಿ ಮಾತು ಕೊಡುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಎರಡು ಮಾತುಗಳಿದ್ದವು: ಅಪ್ಪ ಅವ್ವನಿಗೆ ಕೊಟ್ಟದ್ದು, ಅವ್ವ ಆಯಿಗೆ ಕೊಟ್ಟದ್ದು. ಅವು ಒಂದಕ್ಕೊಂದು ಅಡ್ಡ ಬರುತ್ತವೆಂದು ಯಾರು ತಿಳಿದಿದ್ದರು?

ಬೇಸಿಗೆಯ ಒಂದು ಮಧ್ಯಾಹ್ನ ಕಿರಾಣಿ ಅಂಗಡಿಯ ಫೋನಿಗೆ ಸನಮಡಿಯಿಂದ ಸುದ್ದಿ ಬಂತು. ಅಂಗಡಿಯವನು ಓಡಿ ಬಂದು ಬಾಗಿಲಲ್ಲೇ ನಿಂತು ಹೇಳಿದ.

“ಅಕ್ಕಾರ, ಲಗೂನ ಹೊಂಡ್ರಿ. ನಿಮ್ಮವ್ವಾರದು ಉಸರ ಕುತ್ತಿಗಿಗೆ ಬಂದೈತಂತ. ಮಗಳು ಬಂದ್ಲೇನ, ಬಂದ್ಲೇನ ಅನ್ನಾಕತ್ತಾರಂತ.”

ಅವ್ವ ತವೆಯ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ದೇವರ ಮಾಡದಲ್ಲಿದ್ದ ಸಣ್ಣ ತಾಮ್ರದ ಗಿಂಡಿಗೆ ಮನೆಯ ಕೊಡದಿಂದ ನೀರು ತುಂಬಿ, ಖಣದ ತುಂಡೊಂದನ್ನು ಹರಿದು ಬಾಯಿಗೆ ಕಟ್ಟಿದಳು. ಮಗಳು ತನ್ನ ಮನೆಯ ನೀರನ್ನೇ ಒಯ್ಯಬೇಕು, ಅದು ನಮ್ಮ ಪದ್ಧತಿ. ಬಸ್ಸು ಆಗಷ್ಟೇ ಹೋಗಿತ್ತು. ನಾನು ಟಾಕಿಯ ಮೇಲೆ, ಅಪ್ಪ, ಹಿಂದೆ ಅವ್ವ. ಒಂದು ಕೈಯಲ್ಲಿ ಗಿಂಡಿ, ಇನ್ನೊಂದು ಅಪ್ಪನ ಹೆಗಲ ಮೇಲೆ. ರೊಟ್ಟಿ ಸೀದ ವಾಸನೆ ಓಣಿಯ ತಿರುವಿನ ತನಕ ನಮ್ಮ ಹಿಂದೆ ಬಂತು.

ಮುಳ್ಳು ಏರಿತು. ಇಪ್ಪತ್ತು, ಮೂವತ್ತು, ನಲವತ್ತು. ಅಲ್ಲಿ ನಿಂತು ನಡುಗತೊಡಗಿತು. ಇವತ್ತು ದಾಟುತ್ತದೆ ಎಂದು ನಾನು ಕಣ್ಣು ಬಿಟ್ಟುಕೊಂಡು ಕೂತಿದ್ದೆ, ದಾಟಲೆಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ನನ್ನ ತೊಡೆಯ ಪಕ್ಕ ಅಪ್ಪನ ಮಣಿಕಟ್ಟು ಒಮ್ಮೆ ತಿರುಗಿತು, ಮುಳ್ಳು ಕೂದಲೆಳೆಯಷ್ಟು ಮೇಲೆದ್ದಿತು. ಅದೇ ಹೊತ್ತಿಗೆ ಅವ್ವನ ಕೈ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ಅಪ್ಪ ಕೂಡಲೇ ಕೈ ಸಡಿಲಿಸಿದ. ಜತ್ತ ಮುಟ್ಟುವ ಮೊದಲು ಹೀಗೆ ಮತ್ತೆಯೂ ಆಯಿತು: ಮಣಿಕಟ್ಟು ತಿರುಗಿತು, ಅವ್ವನ ಬೆರಳುಗಳು ಅವನ ಅಂಗಿಯೊಳಗೆ ಹೂತುಕೊಂಡವು, ಮುಳ್ಳು ಮರಳಿ ನಲವತ್ತಕ್ಕೆ ಇಳಿಯಿತು. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು, ಹಿಂದೆ ಗಿಂಡಿಯೊಳಗೆ ನೀರು ಕುಲುಕುವುದು ಕೇಳುತ್ತಿತ್ತು. ಸನಮಡಿಯ ದಾರಿ ಹಿಡಿದ ಮೇಲೆ ಒಂದು ಕುರಿಹಿಂಡು ಅಡ್ಡ ಬಂತು. ಅಪ್ಪ ಕಾಲು ಊರಿ ನಿಂತ. ಮುಳ್ಳು ಸೊನ್ನೆಗೆ ಬಿತ್ತು.

“ಎತ್ತಾಗ ಹೊಂಟ್ರಿ ಯವ್ವಾ ಇಂಥಾ ಬಿಸಲಾಗ?” ಎಂದು ಕುರಿಯವನು ಕೇಳಿದ.

“ತವರಮನಿಗೆ,” ಎಂದಳು ಅವ್ವ. ಆಮೇಲೆ ಅಪ್ಪನ ಬೆನ್ನಿಗೆ ಬಾಯಿ ಹತ್ತಿರ ತಂದು “ಏನ್ರಿ…” ಎಂದಳು. ಅಪ್ಪ ಅರ್ಧ ತಿರುಗಿದ.

“ಏನ?”

“ಏನಿಲ್ಲ ತಗೋರಿ. ನಡೀರಿ.”

ಆಯಿಯ ಅಂಗಳದಲ್ಲಿ ಗಾಡಿ ನಿಂತಾಗ ಒಳಗಿಂದ ಅಳು ಅದೇ ತಾನೇ ಎದ್ದಿತ್ತು. ಇನ್ನೂ ಒಬ್ಬಳದೇ ದನಿ. ಉಳಿದವರು ಬಾಯಿ ತೆರೆದಿರಲಿಲ್ಲ. ಅಷ್ಟು ಹೊಸ ಸಾವು ಅದು. ಅವ್ವ ಗಿಂಡಿಯ ಬಟ್ಟೆ ಬಿಚ್ಚುತ್ತಲೇ ಓಡಿದಳು. ಪಕ್ಕದ ಮನೆಯ ಮುದುಕಿಯೊಬ್ಬಳು ಬಾಗಿಲಲ್ಲಿ ಅವಳನ್ನು ಅಪ್ಪಿ ಹಿಡಿದಳು.

“ಈಗ, ಈಗ ಹ್ವಾದ್ಳ ಮಗಳ. ಗಾಡಿ ಸಪ್ಪಳ ಬಂತೇನ, ಹೊರಗ ನೋಡ್ರಿ ಅಂತ ಅನಕೋತನ ಹ್ವಾದ್ಳು. ನೀರ ಬಿಡ್ತೀನಿ ಅಂದ್ರ ಬಾಯಿ ಮುಚ್ಚಕೊಂಡ್ಲು, ಮಗಳ ಬರತಾಳ ಅಂತ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಾನು ಆ ಗಾದೆಯನ್ನು ಮಕ್ಕಳಿಗೆ ಕಲಿಸುವಾಗ ಇವತ್ತಿಗೂ ಕರಿಹಲಗೆಯ ಕಡೆ ತಿರುಗಿ ನಿಲ್ಲುತ್ತೇನೆ. ಅವ್ವ ಗಿಂಡಿ ಹಿಡಿದು ಆಯಿಯ ಮುಚ್ಚಿದ ಬಾಯಿಯ ಮುಂದೆ ಕೂತೇ ಇದ್ದಳು. ಅಯ್ಯನವರು ಬಂದರು, ವಿಭೂತಿ ಬಳಿದರು, ಆಯಿಯನ್ನು ಗೋಡೆಗೆ ಆನಿಸಿ ಕೂಡಿಸಿದರು. ಹೊತ್ತು ಮುಳುಗುವ ಮುಂಚೆ ಮಣ್ಣು ಕೊಟ್ಟು ಬಂದರು. ಮಾಮಾನ ಪಕ್ಕದಲ್ಲೇ. ಅವ್ವನ ಕೈಯಿಂದ ಆ ಗಿಂಡಿಯನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ.

ಜನ ಚೆದುರಿದ ಮೇಲೆ ಅಂಗಳದಲ್ಲಿ ಗಾಡಿಯ ಹತ್ತಿರ ನಾವು ಮೂವರೇ ಉಳಿದೆವು. ಅವ್ವ ಒಮ್ಮೆಲೇ ಅಪ್ಪನ ಕಾಲ ಬಳಿ ಕುಸಿದು ಕೂತಳು.

“ನನ್ನ ಕೊಂದ ಹಾಕ್ರಿ. ಆ ಮೀಟರ ಸುಳ್ಳೈತಿ. ಬಾಬು ಮೇಸ್ತ್ರಿಗೆ ನಾನ ಹೇಳಿದ್ದೆ, ಹೆಚ್ಚಗಿ ತೋರಸೂ ಅಂಥಾದ್ದ ಕೂಡಸ್ರಿ ಅಂತ. ಅದು ನಲವತ್ತ ಅಂದ್ರ ಖರೇ ಮೂವತ್ತೂ ಇರೂದಿಲ್ಲ. ನಿಮ್ಮ ಜೀವಕ್ಕ ಅಂಜಿ ಮಾಡಿಸಿದ್ನಿ.”

ಅವ್ವ ನಿಲ್ಲಿಸಲಿಲ್ಲ.

“ದಾರಿ ತುಂಬ ನಾಲಗಿ ತುದಿಗೆ ಬಂದಿತ್ರಿ. ಮುಳ್ಳ ಸುಳ್ಳೈತಿ, ಜೋರ ಹೊಡೀರಿ ಅಂತ ಹೇಳಾಕ ನಿಮ್ಮ ಹೆಗಲ ಹಿಡೀತಿದ್ನಿ, ಬಾಯಿ ಬರ್ಲಿಲ್ಲ. ಲಿಂಗ ಮುಟ್ಟಿಸಿ ಆಣಿ ಹಾಕಿಸಿಕೊಂಡಾಕಿ, ನಾನ ಮೋಸ ಮಾಡೀನಿ ಅಂತ ಹೆಂಗ ಹೇಳ್ಲಿ ಅಂತ…”

“ನನಗ ಗೊತ್ತಿತ್ತು,” ಎಂದ ಅಪ್ಪ.

“ಏನ ಗೊತ್ತಿತ್ತ?”

“ಮೀಟರ ಸುಳ್ಳಂತ. ದಾರ್ಯಾಗಿನ ಮೈಲಗಲ್ಲ ನೋಡಿ ತಿಳಕೊಂಡೀನಿ. ಕಲ್ಲಿಂದ ಒಂದ ಲೆಕ್ಕ, ಮೀಟರಿಂದ ಒಂದ ಲೆಕ್ಕ. ಆದ್ರ ನೀ ಮಾಡಿಸಿದ್ದಂತ ಗೊತ್ತಿರ್ಲಿಲ್ಲ. ನೀ ಅದನ್ನ ನಂಬಿ ಕುಂತೀಯಂತ ತಿಳಿದಿದ್ನಿ.”

“ಗೊತ್ತಿದ್ರ ಮತ್ತ ಯಾಕ ಹೊಡೀಲಿಲ್ರಿ?” ಅವ್ವನ ದನಿ ಕೀರಲಾಗಿ ಒಡೆಯಿತು.

“ಹೆಂಗ ಹೊಡೀಲೇ? ಮುಳ್ಳ ಒಂದೀಟ ಏರಿದ್ರ ನೀ ಹೆಗಲ ಹಿಡೀತಿದ್ದಿ. ಅಂಜಿದಿ ಅಂತ ತಿಳದ್ನಿ. ನಿನ್ನ ಕೈ ನಡುಗಿದ್ದ ನಾ ಒಮ್ಮಿ ನೋಡೀನಿ. ಸಾಯೂ ತಾಯೀನ್ನ ನೋಡಾಕ ಹೊಂಟಾಕಿಗೆ ದಾರಿ ತುಂಬ ಸತ್ತ ತಮ್ಮನ್ನ ತೋರಸ್ಲೇನ?”

ಇಬ್ಬರಿಗೂ ಗೊತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅವ್ವ ಮುಳ್ಳನ್ನು ಸುಳ್ಳಾಗಿಸಿದಳು. ಆ ಸುಳ್ಳು ಅವಳಿಗೆ ನೆಮ್ಮದಿಯೆಂದು ಅಪ್ಪ ಅದನ್ನು ಕಾಪಾಡಿದ. ಇಬ್ಬರೂ ತಾವು ನಂಬದ ಮುಳ್ಳಿಗೆ ಇನ್ನೊಬ್ಬರ ಸಲುವಾಗಿ ತಲೆಬಾಗಿದರು, ಅತ್ತ ಆಯಿ ಬಾಯಿ ಮುಚ್ಚಿಕೊಂಡು ಕಾದಳು. ಆ ಮುಳ್ಳನ್ನು ನಂಬಿದ್ದವಳು ನಾನೊಬ್ಬಳೇ, ಅದರ ಮುಂದೆ ಕೂತವಳು. ಅಪ್ಪ ಅಳುವುದನ್ನು ನಾನು ನೋಡಿದ್ದು ಆ ಸಂಜೆಯೇ. ಅವ್ವನ ಪಕ್ಕ ನೆಲದ ಮೇಲೆ ಕೂತು, ಗಾಡಿಯ ಚಕ್ರಕ್ಕೆ ಬೆನ್ನು ಹಚ್ಚಿ, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತ. ಅವ್ವ ಅವನ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ ನನ್ನನ್ನು ಹತ್ತಿರ ಕರೆದು ಗಿಂಡಿಯನ್ನು ನನ್ನ ತುಟಿಗೆ ಹಿಡಿದಳು.

“ಕುಡಿ. ಮುಂಜಾನಿಂದ ನೀರ ಕುಡದಿಲ್ಲ ನೀನು.”

ನೀರು ಬೆಚ್ಚಗಾಗಿತ್ತು, ತಾಮ್ರದ ರುಚಿ ಹತ್ತಿತ್ತು. ಆಯಿಯ ಪಾಲಿನದು ಎಂದು ಗೊತ್ತಿದ್ದೂ ಬಾಯಾರಿಕೆಗೆ ಪೂರ್ತಿ ಕುಡಿದೆ.

ದಿನಕರ್ಮ ಮುಗಿಸಿ ಮರಳುವಾಗಲೂ ಮುಳ್ಳು ನಲವತ್ತರಲ್ಲೇ ಇತ್ತು. ಅವಸರ ಮಾಡಲು ಇನ್ನು ಯಾರಿದ್ದರು? ಮೀಟರ್ ಬದಲಿಸೋಣವೆಂದು ಅಪ್ಪ ಒಮ್ಮೆ ಅಂದ. ಅವ್ವ “ಇರ್ಲಿ ಬಿಡ್ರಿ, ಪಾಪ” ಎಂದಳು, ಯಾರದೋ ಮಗುವಿನ ಬಗ್ಗೆ ಹೇಳಿದ ಹಾಗೆ. ಆದರೆ ಮುಳ್ಳು ಎಲ್ಲಿತ್ತು ಎಂಬ ಪ್ರಶ್ನೆ ನಮ್ಮ ಒಲೆಯ ಮುಂದಿನಿಂದ ಎದ್ದು ಹೋಯಿತು. ನಾನು ಕೆಲವು ದಿನ ನಾನಾಗಿಯೇ ಹೇಳಲು ಹೋದೆ. ಅವ್ವ ಕೇಳಿಸದವಳ ಹಾಗೆ ಚಟ್ನಿ ಬಡಿಸಿದಳು. ಅದರ ಬದಲು ಒಂದು ಮಾತು ಮನೆಯಲ್ಲಿ ಬೇರು ಬಿಟ್ಟಿತು. ಜ್ವರವಿದ್ದೂ ಅಪ್ಪ ಆರಾಮಿದ್ದೇನೆ ಎಂದರೆ, ಹಸಿದಿದ್ದೂ ಅವ್ವ ಹೊಟ್ಟೆ ತುಂಬಿದೆ ಎಂದರೆ, ಇನ್ನೊಬ್ಬರು ಮೆಲ್ಲಗೆ ಕೇಳುತ್ತಿದ್ದರು: “ಇದು ಖರೇ ನಲವತ್ತೋ, ನಮ್ಮ ಗಾಡಿ ನಲವತ್ತೋ?” ಕೇಳಿದ ಮೇಲೆ ಸುಳ್ಳು ನಿಲ್ಲುತ್ತಿರಲಿಲ್ಲ. ಆಮೇಲೆ ಹುಟ್ಟಿದ ನನ್ನ ತಮ್ಮನೂ ಅರ್ಥ ತಿಳಿಯದೆಯೇ ಆ ಮಾತು ಕಲಿತ. ನನ್ನನ್ನು ಜತ್ತಕ್ಕೆ ಕೊಟ್ಟು ಮದುವೆ ಮಾಡಿದಾಗ ಅವ್ವ ಆ ತಾಮ್ರದ ಗಿಂಡಿಯನ್ನು ನನ್ನ ಪೆಟ್ಟಿಗೆಯಲ್ಲಿ ಇಟ್ಟಳು.

ಅಪ್ಪ ಹೋದಾಗ ನಾವೆಲ್ಲ ಅವನ ಹತ್ತಿರವೇ ಇದ್ದೆವು. ಗಾಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ, ನಾನು ಸಾಲೆಯಲ್ಲಿದ್ದಾಗ ತಮ್ಮನ ಫೋನು ಬಂತು. “ಅಕ್ಕಾ, ಅವ್ವನ ಉಸರ ಯಾಕೋ ಬ್ಯಾರೆ ಆಗೇತಿ, ಲಗೂ ಬಾ,” ಎಂದ. ಮನೆಗೆ ಹೋಗಿ ಗಿಂಡಿಗೆ ನೀರು ತುಂಬಿ ಬಾಯಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡೆ. ನನ್ನ ಸ್ಕೂಟರಿನಲ್ಲಿ ಮುಳ್ಳಿಲ್ಲ, ಅಂಕಿ ಬೆಳಗುತ್ತವೆ. ನಾನು ಅದರ ಕಡೆ ನೋಡಲಿಲ್ಲ. ಗಾಳಿಗೆ ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿತ್ತು, ಲಾರಿಯವರು ಬೈಯುತ್ತಿದ್ದರು. ಅದೇ ಎತ್ತರದ ಹೊಸ್ತಿಲು ದಾಟಿ ಒಳಗೆ ಹೋದಾಗ ಅವ್ವ ಪಡಸಾಲೆಯಲ್ಲಿ, ಗಾಡಿ ನಿಲ್ಲುತ್ತಿದ್ದ ಜಾಗದಲ್ಲೇ ಮಲಗಿದ್ದಳು. ನಾನು ತಲೆಯ ಬಳಿ ಕೂತೆ. ಕಣ್ಣು ತೆರೆಯದೆಯೇ ಗುರುತಿಸಿದಳು.

“ಬಂದ್ಯಾ? ಭಾಳ ಲಗೂ ಬಂದಿ. ಎಷ್ಟರಾಗ ಬಂದಿ?”

“ನಲವತ್ತರಾಗ ಅವ್ವಾ.”

ಅವಳು ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

“ಖರೇ ನಲವತ್ತೋ, ನಮ್ಮ ಗಾಡಿ ನಲವತ್ತೋ?”

“ನಮ್ಮ ಗಾಡಿ ನಲವತ್ತು.”

“ಸುಳ್ಳಬುರಕಿ,” ಎಂದಳು ಅವ್ವ, ಮತ್ತು ಬಾಯಿ ತೆರೆದಳು. ನಾನು ಗಿಂಡಿಯ ಬಟ್ಟೆ ಬಿಚ್ಚಿದೆ.